ಕಪ್ಪೆಯ ಗೇರ್ ಎಣ್ಣೆ ಎಲ್ಲಿಗೆ ಹೋಗುತ್ತಿತ್ತು

ಮೇಸ್ತ್ರಿಯ ದನಿಯಲ್ಲಿ ಬತ್ತೇರಿಗೆ ಫೋನ್ ಮಾಡಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ನಾನು ಸಿಕ್ಕಸಿಕ್ಕವರ ಮೇಲೆಲ್ಲ ಅನುಮಾನ ಪಡುತ್ತಾ ಹೋಗುತ್ತೇನೆ, ಓದುವವರು ಪಾಪ ಇವನ್ಯಾರೋ ಬುದ್ಧಿವಂತ ಇರಬೇಕು ಎಂದುಕೊಂಡುಬಿಟ್ಟರೆ ಆಮೇಲೆ ಅವರಿಗೂ ಬೇಜಾರು, ನನಗೂ ಬೇಜಾರು.

ನನಗೆ ಎಲ್ಲರ ದನಿಯೂ ಬರುತ್ತದೆ. ದೊಡ್ಡಪ್ಪ ತಮ್ಮ ಅರಿಶಿನದ ಮಂಡಿಯಲ್ಲಿ ಕೊಂಬು ಮುರಿದು, ಮೂಸಿ, ರೈತನ ಮುಖ ನೋಡದೆಯೇ "ಊಂ, ಇನ್ನೊಸಿ ಒಣಗ್ಬೇಕಿತ್ತು" ಎನ್ನುವುದು ಬರುತ್ತದೆ. ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರು ತೆರಕಣಾಂಬಿಯ ತಲೆ ಹಾರಿಸಿ "ಕಣಾಂಬಿ, ಕಣಾಂಬಿ" ಎಂದು ಕೂಗುವುದು ಬರುತ್ತದೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು, ಇದ್ದಕ್ಕಿದ್ದಂತೆ ಗಂಟಲು ದಪ್ಪ ಮಾಡಿ "ಬಿಸಿನೆಸ್ ನೋಡ್ಕೋತಿದೀನಿ ಅಂಕಲ್" ಎನ್ನುವ ಒಬ್ಬ ಪೆದ್ದನ ದನಿಯೂ ಬರುತ್ತದೆ. ಆ ಪೆದ್ದ ನಾನೇ. ಅದನ್ನು ಮಾಡಿ ತೋರಿಸಿದಾಗ ದೊಡ್ಡಮ್ಮ ಅತ್ಯಂತ ಹೆಚ್ಚು ನಗುತ್ತಾರೆ.

ಪಿಯುಸಿ ಓದಲೆಂದು ಚಾಮರಾಜನಗರದ ದೊಡ್ಡಪ್ಪನ ಮನೆಗೆ ಬಂದವನು ನಾನು. ಓದು ಮುಗಿಯಿತು, ನಾನು ಹೋಗಲಿಲ್ಲ. ಮಂಡಿಯಲ್ಲಿ ಕೂರುವುದು ನನ್ನ ಕೆಲಸ. ಕಪ್ಪೆಯನ್ನು ನೋಡಿಕೊಳ್ಳುವುದು ನನ್ನ ಹುಚ್ಚು.

ಕಪ್ಪೆ ಎಂದರೆ ನಮ್ಮ ಮನೆಯ ಕಾರು. ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಎರಡೇ ಸೀಟು, ಮೇಲೆ ಬಟ್ಟೆಯ ಹೊದಿಕೆ, ಪಾಚಿ ಬಣ್ಣ. ಊಟಿ ಕಡೆಯ ಟೀ ಎಸ್ಟೇಟಿನ ಮ್ಯಾನೇಜರೊಬ್ಬರು ಕೆಲಸ ಬಿಟ್ಟು ಹೋಗುವಾಗ, ತಮ್ಮ ಅಡುಗೆಮನೆಗೆ ವರ್ಷಗಟ್ಟಲೆ ಅರಿಶಿನ, ತರಕಾರಿ ಕಳಿಸಿಕೊಟ್ಟ ನಮ್ಮ ಅಜ್ಜನಿಗೆ ಅದನ್ನು ಬಿಟ್ಟುಹೋದರಂತೆ. ಅಜ್ಜನಿಂದ ದೊಡ್ಡಪ್ಪನಿಗೆ ಬಂತು. ದೊಡ್ಡಪ್ಪ ಭಾನುವಾರ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಎಳೆದು, ಗರಿಗರಿ ಪಂಚೆ ಉಟ್ಟು ಅದರೊಳಕ್ಕೆ ಇಳಿಯುವುದನ್ನು ಬೀದಿಯವರೆಲ್ಲ ನೋಡುತ್ತಾರೆ. ಹತ್ತುವುದಲ್ಲ, ಇಳಿಯುವುದೇ. ಕಾರು ಅಷ್ಟು ಕುಳ್ಳು. ಮೊದಲು ಸೊಂಟ ಹೋಗುತ್ತದೆ, ಆಮೇಲೆ ಒಂದು ಕಾಲು, ಇನ್ನೊಂದು ಕಾಲನ್ನು ಪಂಚೆಯ ಸಮೇತ ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳಬೇಕು. ಅದಾದ ಮೇಲೆ ಅವರು ಸುತ್ತ ಒಮ್ಮೆ ನೋಡುತ್ತಾರೆ, ಏನೂ ಆಗಲಿಲ್ಲ ಎನ್ನುವ ಹಾಗೆ. ಆ ನೋಟವೂ ನನಗೆ ಬರುತ್ತದೆ.

"ನನ್ ಮಂಡಿ ಚಿಪ್ಪು ಇರೋ ಗಂಟ ನಾ ಓಡಿಸ್ತೀನಿ. ಆಮೇಲ ನಿಂಗೇಯ" ಎಂದು ದೊಡ್ಡಪ್ಪ ಹೇಳಿದ್ದರು. ಅಂದಿನಿಂದ ಅವರ ಮಂಡಿಚಿಪ್ಪಿನ ಬಗ್ಗೆ ನಾನು ತೋರಿಸುತ್ತಿದ್ದ ಕಾಳಜಿ ನೋಡಿ ಅವರಿಗೂ ಸ್ವಲ್ಪ ಅನುಮಾನ ಇತ್ತು.

ಈ ಕಾರಿಗೆ ಒಂದು ವಿಚಿತ್ರವಿದೆ. ಬೇರೆ ಕಾರುಗಳಲ್ಲಿ ಗೇರ್ ಬಾಕ್ಸಿನ ಎಣ್ಣೆ ನೋಡಬೇಕೆಂದರೆ ಕೆಳಗೆ ಮಲಗಬೇಕು. ಇದರಲ್ಲಿ ಒಳಗೇ ನೋಡಬಹುದು. ಗೇರ್ ಕೋಲಿನ ಬುಡದಲ್ಲಿ ಕಾಲುಹಾಸಿನ ತುಂಡನ್ನು ಸರಿಸಿದರೆ ಅದರಡಿ ಒಂದು ರಬ್ಬರಿನ ಬಿರಡೆ. ಬಿರಡೆ ಕಿತ್ತರೆ ತೂತು. ತೂತಿನೊಳಗೆ ಬೆರಳು ಇಳಿಸಿದರೆ ಅಳತೆಕಡ್ಡಿಯ ತಲೆ ಸಿಗುತ್ತದೆ. ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದರೆ ಎಣ್ಣೆ ಎಲ್ಲಿಯವರೆಗಿದೆ ಎಂದು ತಿಳಿಯುತ್ತದೆ. ಸುರಿಯುವುದೂ ಅದೇ ತೂತಿನಿಂದ, ಉದ್ದ ಕೊಳವೆ ಇಟ್ಟು, ನಿಧಾನವಾಗಿ. ಅವಸರ ಮಾಡಿದರೆ ಕಾಲುಹಾಸು ಎಣ್ಣೆ ಕುಡಿಯುತ್ತದೆ, ಮುಂದಿನ ಭಾನುವಾರ ದೊಡ್ಡಪ್ಪನ ಪಂಚೆ ಕುಡಿಯುತ್ತದೆ.

ಇನ್ನೊಂದು ವಿಚಿತ್ರ, ಅದೇ ಜಗಳದ ಮೂಲ. ಈ ಗೇರ್ ಬಾಕ್ಸಿಗೆ ಹಾಕಬೇಕಾದದ್ದು ಗೇರ್ ಎಣ್ಣೆಯಲ್ಲ, ಎಂಜಿನ್ನಿಗೆ ಹಾಕುವ ಎಣ್ಣೆಯೇ. ಒಳಗೆ ಹಲ್ಲುಚಕ್ರಗಳ ಪಕ್ಕದಲ್ಲಿ ಹಿತ್ತಾಳೆಯ ಬಳೆಗಳಿವೆ. ಜೀಪಿಗೂ ಟ್ರ್ಯಾಕ್ಟರಿಗೂ ಹಾಕುವ ನೈಂಟಿ ಎಣ್ಣೆಯಲ್ಲಿ ಗಂಧಕದ ಮದ್ದಿರುತ್ತದೆ, ಕಾದಾಗ ಅದು ಹಿತ್ತಾಳೆಯನ್ನು ತಿನ್ನಬಹುದು. ಇದನ್ನು ನಾನು ಫೋನಿನಲ್ಲಿ ಹುಡುಕಿ, ಇಂಥ ಕಾರು ಇಟ್ಟುಕೊಂಡ ಇಂಗ್ಲೆಂಡಿನ ಮುದುಕರು ಒಬ್ಬರಿಗೊಬ್ಬರು ಬೈದುಕೊಂಡು ಬರೆದದ್ದನ್ನೆಲ್ಲ ಓದಿ ತಿಳಿದುಕೊಂಡಿದ್ದೆ. ಗುಂಡ್ಲುಪೇಟೆಯ ಮೇಸ್ತ್ರಿ ಒಪ್ಪುತ್ತಿರಲಿಲ್ಲ.

ಮೇಸ್ತ್ರಿಯ ಗ್ಯಾರೇಜು ಊಟಿ ರಸ್ತೆಯ ಪಕ್ಕದಲ್ಲಿದೆ. ಅವರ ತಂದೆಯೇ ಅಜ್ಜನ ಕಾಲದಲ್ಲಿ ಕಪ್ಪೆಯನ್ನು ಬಿಚ್ಚಿ ಕಟ್ಟುತ್ತಿದ್ದವರು. ಮನೆಯಲ್ಲಿ ಉರ್ದು, ನಮ್ಮೊಡನೆ ಕನ್ನಡ, ಲಾರಿ ಡ್ರೈವರುಗಳೊಡನೆ ಮಲಯಾಳ, ತಾಳ್ಮೆ ಕೆಟ್ಟಾಗ ಮೂರೂ ಒಟ್ಟಿಗೆ. ಗಡ್ಡಕ್ಕೆ ಮದರಂಗಿ, ಬಾಯಿಗೆ ಬಿಡುವಿಲ್ಲ.

"ಗೇರ್ ಬಾಕ್ಸಿಗೆ ಎಂಜಿನ್ ಆಯಿಲ್ ಅಂತೆ. ನಾಳೆ ತಲೆಗೆ ಹಲ್ಲುಪುಡಿ ಉಜ್ಜು ಅಂತದೆ ನಿನ್ ಫೋನು."

"ಬುಕ್ಕಲ್ಲೂ ಅದೇ ಅದೆ ಮೇಸ್ತ್ರಿ."

"ಬುಕ್ ಬರ್ದೋನು ಗುಂಡ್ಲುಪೇಟೆ ಬಿಸ್ಲಲ್ಲಿ ಗಾಡಿ ಓಡ್ಸವ್ನಾ? ಇಲ್ಲಿ ಎಂಜಿನ್ ಆಯಿಲ್ಲು ನೀರಾಗೋಯ್ತದೆ. ನೈಂಟಿ ಹಾಕ್ಲಾ, ಗಟ್ಟಿಗೆ ಕೂತ್ಕತದೆ."

ಹೀಗೆ ಜಗಳವಾಡುತ್ತಲೇ ನಾವು ಸ್ನೇಹಿತರು. ಕಪ್ಪೆಯಲ್ಲಿ ಏನಾದರೂ ಸದ್ದು ಬಂದರೆ ನಾನು ಫೋನ್ ಮಾಡಿ ಆ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಿದ್ದೆ. ಎರಡನೇ ಗೇರಿಗೆ ಬೀಳುವಾಗ ಬರುವ 'ಕರ್ರ್', ಇಳಿಜಾರಿನಲ್ಲಿ ಕಾಲು ತೆಗೆದಾಗಿನ 'ಊಂಯ್'. ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಕೇಳಿ, "ಇನ್ನೊಂದ್ಸಲ ಮಾಡು. ಕೊನೇಲಿ ಟಕ್ ಅಂತದಾ? ಅದ್ನೂ ಮಾಡು" ಎನ್ನುತ್ತಿದ್ದರು. ಆಮೇಲೆ ಇಂಥ ಕಡೆ ನೋಡು ಎಂದು ಹೇಳುತ್ತಿದ್ದರು. ಮಂಡಿಗೆ ಬಂದಿದ್ದ ರೈತರು ಅರಿಶಿನ ಮಾರುವುದು ಬಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದರು. ಮೇಸ್ತ್ರಿಯ ದನಿಯನ್ನು ಅವರ ಎದುರೇ ಅನುಕರಿಸಿದರೂ ಅವರಿಗೆ ಕೋಪ ಬರುತ್ತಿರಲಿಲ್ಲ. "ಸೇಮು ನಾನೇಯ, ಕೆಮ್ಮು ಮಾತ್ರ ಮರ್ತೆ" ಎಂದು ತಿದ್ದುತ್ತಿದ್ದರು. ಕೆಮ್ಮನ್ನೂ ಕಲಿತೆ. ಅದೇ ಮುಂದೆ ತೊಂದರೆಗೆ ಬಂತು.

ಕಪ್ಪೆ ಇಷ್ಟು ದಿನ ನಿಲ್ಲುತ್ತಿದ್ದದ್ದು ಮಂಡಿಯ ಗೋದಾಮಿನಲ್ಲಿ. ಈ ವರ್ಷ ಗೋದಾಮಿನ ಛಾವಣಿ ಬಿಚ್ಚಿ ಹೊಸದಾಗಿ ಹಾಕಿಸಲು ಶುರುಮಾಡಿದ್ದರಿಂದ ಕಾರು ಮನೆಯ ಅಂಗಳಕ್ಕೆ ಬಂತು. ನಮ್ಮ ಮನೆ ಊರಿನ ಅಂಚಿನಲ್ಲಿದೆ. ಮುಂದೆ ಅಂಗಳ, ಪಕ್ಕಕ್ಕೆ ಒಂದು ಹಸುವಿನ ಕೊಟ್ಟಿಗೆ, ಅಂಗಳದ ಆಚೆ ಬೀದಿ. ದಿನಾ ಬೆಳಿಗ್ಗೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ದೊಡ್ಡಮ್ಮ ಅಂಗಳಕ್ಕೆ ಸಗಣಿ ನೀರು ಹಾಕಿ ಸಾರಿಸಿ ರಂಗೋಲಿ ಇಡುತ್ತಾರೆ. ನೀರು ನಿಲ್ಲದೆ ಹರಿದುಹೋಗಲಿ ಎಂದು ಅಂಗಳವನ್ನು ಬೀದಿ ಕಡೆಗೆ ಇಳಿಜಾರು ಮಾಡಿಸಿದ್ದಾರೆ. ಗಾಡಿ ಯಾವಾಗಲೂ ಮನೆಯ ಕಡೆ ಮುಖ ಮಾಡಿ ನಿಲ್ಲಬೇಕು ಎನ್ನುವುದು ದೊಡ್ಡಪ್ಪನ ಶಾಸ್ತ್ರ. ಬೀದಿಗೆ ಮುಖ ಮಾಡಿ ನಿಂತ ಗಾಡಿ ಮನೆಯ ಲಕ್ಷ್ಮಿಯನ್ನು ಹೊರಗೆ ಕರೆದುಕೊಂಡು ಹೋಗುತ್ತದಂತೆ. ಹೀಗಾಗಿ ಕಪ್ಪೆ ಮೂತಿ ಮೇಲೆ ಮಾಡಿ, ಬಾಲ ತಗ್ಗಿಸಿ, ನಿಜವಾದ ಕಪ್ಪೆಯ ಹಾಗೆಯೇ ಕೂತಿರುತ್ತಿತ್ತು.

ಅಂಗಳಕ್ಕೆ ಬಂದ ಕೆಲವು ವಾರಕ್ಕೆ ನಾನು ಎಂದಿನಂತೆ ಎಲ್ಲ ದ್ರವಗಳನ್ನೂ ನೋಡುತ್ತಾ ಬಂದೆ. ರೇಡಿಯೇಟರಿನ ನೀರು ಸರಿಯಿತ್ತು. ಬ್ರೇಕ್ ಎಣ್ಣೆಯ ಡಬ್ಬಿ ಗೆರೆಯವರೆಗೆ ಇತ್ತು. ಅದನ್ನು ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಸುಲಿದು ಬರುತ್ತದೆಂದು ನಾನು ಆ ಮುಚ್ಚಳವನ್ನು ಹಾಲಿನ ಪಾತ್ರೆ ಇಳಿಸುವವನ ಹಾಗೆ ಬಟ್ಟೆ ಹಿಡಿದು ತೆಗೆಯುತ್ತೇನೆ. ಎರಡು ಕಾರ್ಬೊರೇಟರುಗಳ ತಲೆಯ ಮೇಲಿನ ಪುಟ್ಟ ಬಿರಡೆ ತಿರುಗಿಸಿ, ಒಳಗೆ ನಾಲ್ಕು ಹನಿ ತೆಳು ಎಣ್ಣೆ ಬಿಟ್ಟೆ. ಕೊನೆಗೆ ಕಾಲುಹಾಸು ಸರಿಸಿ ಗೇರ್ ಬಾಕ್ಸಿನ ಕಡ್ಡಿ ಎಳೆದೆ.

ಕಡ್ಡಿ ಒಣಗಿ ಬಂತು.

ಒರೆಸಿ ಮತ್ತೆ ಅದ್ದಿದೆ. ತುದಿಯಲ್ಲಿ ಒಂದಿಷ್ಟು ಜಿಡ್ಡು, ಅಷ್ಟೇ. ಹೋದ ಸಲ ತುಂಬ ಸುರಿದದ್ದು ನಾನೇ. ಕಾರಿನ ಕೆಳಗೆ ಬಗ್ಗಿ ನೋಡಿದೆ. ನೆಲದಲ್ಲಿ ಒಂದು ಹನಿಯ ಗುರುತೂ ಇಲ್ಲ. ಸಾರಿಸಿದ ಅಂಗಳ ಹಸಿರಾಗಿ, ನುಣ್ಣಗೆ ಇತ್ತು. ಕಪ್ಪೆಯ ಮೂತಿಯ ಮುಂದೆ ದೊಡ್ಡಮ್ಮನ ರಂಗೋಲಿ.

ಸೋರಿದ ಗುರುತಿಲ್ಲ, ಎಣ್ಣೆಯೂ ಇಲ್ಲ. ಗೇರ್ ಬಾಕ್ಸು ಎಣ್ಣೆ ಸುಡುವುದಿಲ್ಲ, ಹೊಗೆ ಬಿಡುವುದಿಲ್ಲ. ಅಂದಮೇಲೆ ಯಾರೋ ತೆಗೆಯುತ್ತಿದ್ದಾರೆ. ನನ್ನ ತಲೆ ಅಲ್ಲಿಗೆ ಬಂದು ನಿಂತಿತು, ಆಮೇಲೆ ಅಲ್ಲಿಂದ ಅಲ್ಲಾಡಲಿಲ್ಲ.

ತುಂಬಿಸಿದೆ. ಎರಡು ವಾರ ಬಿಟ್ಟು ನೋಡಿದರೆ ಮತ್ತೆ ಒಣ ಕಡ್ಡಿ. ಈ ಸಲ ದೊಡ್ಡಪ್ಪ ಪಕ್ಕದಲ್ಲೇ ನಿಂತಿದ್ದರು.

"ಏನ್ಲಾ, ಕಡ್ಡಿ ಒಣಗದಲ್ಲ."

"ಒಸಿ ಕಮ್ಮಿ ಆಗದ ದೊಡ್ಡಪ್ಪ."

"ಎಲ್ಲಿಗೋಯ್ತದ ಎಣ್ಣ? ನೆಲದಲ್ಲಿಲ್ಲ, ಗಾಡೀಲಿಲ್ಲ. ಆವಿ ಆಗೋಯ್ತದಾ?" ಅವರು ಸ್ವಲ್ಪ ಹೊತ್ತು ಕಪ್ಪೆಯ ಬಾನೆಟ್ಟನ್ನು ಸವರಿದರು. "ನೋಡ್ಲಾ, ಇದು ಅಪ್ಪನ ಗಾಡಿ, ಅದ್ಕ ಇಷ್ಟ್ ದಿನ ಮಡಿಕಂಡಿವ್ನಿ. ಬಂಡೀಪುರದ ಕಾಡಲ್ಲಿ ಹಲ್ಲು ಕಚ್ಕಂಡು ನಿಂತ್ಬುಟ್ರ, ಆನ ಬಂದು ತಳ್ತದಾ ನಿನ್ ಕಪ್ಪಯ? ಇನ್ನೊಂದ್ಸಲ ಕಡ್ಡಿ ಒಣಗಿ ಬರ್ಲಿ, ಬತ್ತೇರಿಯವ್ರಿಗ ಕೊಟ್ಬುಡದು ಕಣ."

ಬತ್ತೇರಿಯವರು ಯಾರೆಂದರೆ, ಕಾಡಿನಾಚೆ ಕೇರಳದ ಬತ್ತೇರಿ ಊರಿನಲ್ಲಿ ಹಳೆಯ ಕಾರು ಕೊಳ್ಳುವ ಒಬ್ಬ ಮಲಯಾಳಿ. ಒಮ್ಮೆ ಗುಂಡ್ಲುಪೇಟೆಯಲ್ಲಿ ಹೋಟೆಲಿನ ಮುಂದೆ ಕಪ್ಪೆಯನ್ನು ನೋಡಿ, ದೋಸೆ ಅರ್ಧಕ್ಕೆ ಬಿಟ್ಟು ಓಡಿ ಬಂದು, ಅದರ ಸುತ್ತ ಪ್ರದಕ್ಷಿಣೆ ಹಾಕಿ, ದೊಡ್ಡಪ್ಪನಿಗೆ ತಮ್ಮ ನಂಬರು ಕೊಟ್ಟು ಹೋಗಿದ್ದರು. ಆ ಚೀಟಿ ಮಂಡಿಯ ತಕ್ಕಡಿಯ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ದೊಡ್ಡಪ್ಪ ಮಾತು ಆಡಿದರೆ ಅದನ್ನು ಎರಡು ಸಲ ಆಡುವವರಲ್ಲ. ಇನ್ನೊಂದು ಒಣ ಕಡ್ಡಿ, ಕಪ್ಪೆ ಕೇರಳಕ್ಕೆ. ನಾನು ಮಂಡಿಯಲ್ಲಿ ಕೂತು ಆ ಚೀಟಿಯನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದೆ.

ಕಪ್ಪೆಯ ಹೊಟ್ಟೆಗೆ ಕೈ ಹಾಕುವವರು ಇಬ್ಬರೇ. ಒಬ್ಬ ನಾನು. ನಾನು ನನ್ನನ್ನು ತುಂಬ ಹೊತ್ತು ಅನುಮಾನಿಸಲಿಲ್ಲ. ಇನ್ನೊಬ್ಬರು ಮೇಸ್ತ್ರಿ.

ಆ ವಾರವೇ ಎಣ್ಣೆ ಮತ್ತೆ ತುಂಬಿಸಿ, ಕ್ಲಚ್ ಸರಿಮಾಡಿಸುವ ನೆಪ ಹೇಳಿ ಕಾರನ್ನು ಗುಂಡ್ಲುಪೇಟೆಗೆ ಒಯ್ದೆ. ನೆಪ ಯಾಕೆಂದರೆ ಅನುಮಾನಿಸುವವನು ಸುಮ್ಮನೆ ಹೋಗಬಾರದು. ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಕಾರು ಸಂಜೆಯವರೆಗೆ ನಿಂತಿತ್ತು. ಮೇಸ್ತ್ರಿ ಕೆಳಗೆ ಮಲಗಿ ಟಾರ್ಚು ಬಿಟ್ಟರು.

"ಒಂದ್ ಹನಿ ಇಲ್ಲ. ಒಣಗ್ದಂಗೆ ಅದೆ. ನೀನು ಸುರಿಯೋದೇ ಮರ್ತಿದ್ದೀಯ ಕಣ್ಲಾ."

"ಮರ್ತಿಲ್ಲ ಮೇಸ್ತ್ರಿ. ತುಂಬ ಹಾಕಿವ್ನಿ."

"ಹಂಗಾರೆ ಎಂಜಿನ್ ಆಯಿಲ್ ಹಾಕಿದ್ದಕ್ಕೆ ಗಾಡಿಗೆ ಬೇಜಾರಾಗಿ ಎದ್ದೋಗದೆ."

ನಗುವವರ ಮುಖ ಹೀಗೆ ಇರುತ್ತದೆಯೇ ಎಂದು ನಾನು ನೋಡಿದೆ. ಅಷ್ಟರಲ್ಲಿ ಅವರ ಫೋನ್ ಬಂತು. ಅವರು ಎದ್ದು, ನನ್ನಿಂದ ದೂರ ಹೋಗಿ, ಹಳೆಯ ಟೈರುಗಳ ರಾಶಿಯ ಆಚೆ ನಿಂತು ಮಲಯಾಳದಲ್ಲಿ ಮಾತಾಡಿದರು. ನನಗೆ ಮಲಯಾಳದ ರಾಗ ಬರುತ್ತದೆ, ಅರ್ಥ ಬರುವುದಿಲ್ಲ. ಗಾಳಿಯಲ್ಲಿ ತೇಲಿ ಬಂದದ್ದು ಮೂರೇ ಮಾತು: ಗೇರ್, ಬತ್ತೇರಿ, ಸಂಡೇ. ತಿರುಗಿ ಬಂದಾಗ ಯಾರು ಎಂದು ಕೇಳಿದೆ.

"ಟೊಮೆಟೊ ಲಾರಿಯೋನು" ಎಂದರು ಮೇಸ್ತ್ರಿ.

ಟೊಮೆಟೊ ಲಾರಿಯವನ ಹತ್ತಿರ ಅಷ್ಟು ದೂರ ಹೋಗಿ ಮಾತಾಡುವುದೇಕೆ? ಅಂದು ನನಗೆ ಹೊಳೆಯದಿದ್ದದ್ದು ಇಷ್ಟು: ನಾನು ಅವರ ಪಕ್ಕದಲ್ಲಿ ಕೂತು ಎಂಜಿನ್ ಚಾಲೂ ಇಟ್ಟು ಕಾರ್ಬೊರೇಟರಿನ ಸದ್ದು ಕೇಳುತ್ತಿದ್ದೆ. ಆ ಗದ್ದಲದಲ್ಲಿ ಯಾರಾದರೂ ದೂರ ಹೋಗಿಯೇ ಮಾತಾಡಬೇಕು, ಬತ್ತೇರಿಗೆ ಹೋಗುವ ಟೊಮೆಟೊ ಲಾರಿಗೂ ಗೇರ್ ಇರುತ್ತದೆ. ಅನುಮಾನ ಹಿಡಿದವನಿಗೆ ತನ್ನ ಸದ್ದು ತನಗೆ ಕೇಳಿಸುವುದಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಕಥೆ ಕಟ್ಟಿದೆ. ಮೇಸ್ತ್ರಿಯೂ ಬತ್ತೇರಿಯವರೂ ಸೇರಿಕೊಂಡಿದ್ದಾರೆ. ಮೇಸ್ತ್ರಿ ಹೇಗೋ ಎಣ್ಣೆ ಇಳಿಸುತ್ತಾರೆ, ದೊಡ್ಡಪ್ಪ ಹೆದರಿ ಮಾರುತ್ತಾರೆ, ಕಪ್ಪೆ ಹೋಗುತ್ತದೆ. ಗ್ಯಾರೇಜಿಗೆ ಹೋಗದ ವಾರವೂ ಎಣ್ಣೆ ಇಳಿದದ್ದು ಹೇಗೆ ಎಂಬ ಪ್ರಶ್ನೆ ತೆರಕಣಾಂಬಿಯ ಹತ್ತಿರ ಒಮ್ಮೆ ಬಂದಿತ್ತು. ಎದುರಿಗೆ ಕುರಿಮಂದೆ ಬಂತು, ಪ್ರಶ್ನೆ ಹೋಯಿತು.

ಈಗ ಸಾಕ್ಷಿ ಬೇಕು. ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು ಮಾಡಿ, ಗೇರ್ ಬಾಕ್ಸಿನ ತಳದಲ್ಲಿ ಎಣ್ಣೆ ಇಳಿಸುವ ಬೋಲ್ಟಿಗೆ ಸುತ್ತ ಮೆತ್ತಿದೆ. ಒಣಗಿದ ಮೇಲೆ ಯಾರಾದರೂ ಸ್ಪ್ಯಾನರ್ ಹಾಕಿದರೆ ಬಿರುಕು ಬಿಡಲೇಬೇಕು. ಒಳಗಿನ ರಬ್ಬರ್ ಬಿರಡೆಗೆ ನನ್ನ ತಲೆಯ ಒಂದು ಕೂದಲು ಅಂಟಿಸಿದೆ. ಕಾರಿನ ಕೆಳಗಿಂದ ಕೆಂಪು ಬೆರಳು ಹಿಡಿದು ಹೊರಬಂದವನನ್ನು ನೋಡಿ ದೊಡ್ಡಮ್ಮ, "ಗಾಡಿಗ ದೃಷ್ಟಿ ತಗುದ್ಯಾ?" ಎಂದರು.

"ಹೂಂ ದೊಡ್ಡಮ್ಮ. ಯಾರ್ದೋ ಕಣ್ಣು ಬಿದ್ದದ."

"ಬೀಳ್ತದ ಬುಡು. ಇಷ್ಟ್ ಚೆಂದಾಗಿ ಮಡಿಕಂಡ್ರ ಬೀಳ್ದೆ ಏನು." ಅವರು ಕೊಟ್ಟಿಗೆಯ ಕಂಬ ತೋರಿಸಿದರು. "ಇದ್ಕೂ ಬಿದ್ದದ. ಪಕ್ಕದ ಮನೆಯವ್ರ ಕೊಟ್ಗ ಕಂಬನೆಲ್ಲ ಗೆದ್ದಲು ತಿಂದಾಕ್ಬುಡ್ತು, ನಮ್ದು ನೋಡು, ಹೆಂಗ್ ಮಿಂಚ್ತದ."

ಕಂಬಗಳು ಮಿಂಚುತ್ತಿದ್ದವು. ನಾನು ಹೌದು ಎಂದು ಒಳಗೆ ಹೋದೆ. ಪತ್ತೇದಾರನ ಕಣ್ಣು ಎಷ್ಟು ಚುರುಕು ನೋಡಿ.

ಮುಂದಿನ ವಾರ ಬೋಲ್ಟಿನ ಕೆಂಪು ಹಾಗೇ ಇತ್ತು. ಬಿರಡೆಯ ಕೂದಲು ಹಾಗೇ ಇತ್ತು. ಕಡ್ಡಿಯಲ್ಲಿ ಮಾತ್ರ ಎಣ್ಣೆ ಕೆಳಗಿಳಿದಿತ್ತು. ತಲೆ ನೆಟ್ಟಗಿದ್ದವನು ಇಲ್ಲಿಗೆ ಕಳ್ಳನನ್ನು ಬಿಟ್ಟು ಸೋರಿಕೆಯನ್ನು ಹುಡುಕುತ್ತಿದ್ದ. ನಾನು ಮೇಸ್ತ್ರಿ ಎಷ್ಟು ಜಾಣ ಎಂದು ಬೆರಗಾದೆ. ದೊಡ್ಡಪ್ಪ ನೋಡುವ ಮೊದಲು ಗುಟ್ಟಾಗಿ ತುಂಬಿಸಿಬಿಡಬಹುದಿತ್ತು. ಡಬ್ಬದಲ್ಲಿ ಎಣ್ಣೆ ಮುಗಿದಿತ್ತು, ಆ ಎಣ್ಣೆ ನಮ್ಮೂರಲ್ಲಿ ಸಿಗುವುದಿಲ್ಲ.

ಆಗ ಮಾಡಿದೆ ಆ ಫೋನು.

ಮಧ್ಯಾಹ್ನ ಮಂಡಿಯಲ್ಲಿ ಯಾರೂ ಇರಲಿಲ್ಲ. ಅರಿಶಿನದ ಮೂಟೆಗಳ ಹಿಂದೆ ಹೋಗಿ, ಮಂಡಿಯ ಕೆಲಸಕ್ಕೆ ಇಟ್ಟಿದ್ದ ಇನ್ನೊಂದು ಫೋನಿನಿಂದ ಗೋಡೆಯ ಚೀಟಿಯಲ್ಲಿದ್ದ ನಂಬರು ಒತ್ತಿದೆ. ಗಂಟಲಿಗೆ ಮೇಸ್ತ್ರಿಯನ್ನು ಕರೆಸಿಕೊಂಡೆ, ಮೊದಲು ಅವರ ಕೆಮ್ಮು.

"ನಮಸ್ಕಾರ ಸಾರ್, ಗುಂಡ್ಲುಪೇಟೆ ಗ್ಯಾರೇಜಿಂದ ಮೇಸ್ತ್ರಿ ಮಾತಾಡೋದು. ನಮ್ ಕೆಲ್ಸ ಆಯ್ತು ಸಾರ್. ಕಪ್ಪೆ ಕಾರು, ಹಸಿರುದು. ಗೇರ್ ಬಾಕ್ಸು ಒಣಗೋಗದೆ. ಯಜಮಾನ್ರು ಹೆದರವ್ರೆ. ಈಗ ಬಂದ್ರೆ ಸಿಕ್ತದೆ."

ಅವರಿಬ್ಬರೂ ಒಂದಾಗಿದ್ದರೆ ಈಗ ಏನಾದರೂ ಬಾಯಿ ಬಿಡಬೇಕು.

"ಏದ್ ಮೇಸ್ತ್ರಿ?" ಎಂದಿತು ಆ ಕಡೆಯ ದನಿ. ಯಾವ ಮೇಸ್ತ್ರಿ ಎಂದು ಕೇಳುತ್ತಿದೆ ಎನ್ನುವಷ್ಟು ನನಗೂ ತಿಳಿಯಿತು. ಆಮೇಲೆ ಹಸಿರು ಕಾರು ಎಂದದ್ದು ನೆನಪಾಗಿರಬೇಕು, ದನಿ ಅರಳಿತು. "ಆ ಗ್ರೀನ್ ವಂಡಿ? ಞಾನ್ ವರಾಂ. ಸಂಡೇ ವರಾಂ. ಗ್ಯಾರೇಜಿಲ್ ವರಾಂ."

ಭಾನುವಾರ ಗ್ಯಾರೇಜಿಗೇ ಬರುತ್ತಾರಂತೆ, ಬೇಡ ಎನ್ನುವಷ್ಟರಲ್ಲಿ ಫೋನ್ ಇಟ್ಟುಬಿಟ್ಟರು. ಯಾವ ಮೇಸ್ತ್ರಿ ಎಂದು ಕೇಳಿದ ಮನುಷ್ಯ ಆ ಮೇಸ್ತ್ರಿಯ ಜತೆ ಸಂಚು ಮಾಡಿರಲಾರ. ಇದು ಹೊಳೆಯಿತು. ಹೊಳೆದ ಕೂಡಲೇ, ನಟನೆ ಇರಬಹುದು ಎಂದು ಅದನ್ನು ಆರಿಸಿಬಿಟ್ಟೆ. ನಾನೇ ನಟಿಸುತ್ತಿದ್ದಾಗ ಬೇರೆಯವರು ಸತ್ಯ ಹೇಳುತ್ತಿದ್ದಾರೆ ಎಂದು ಒಪ್ಪುವುದು ಕಷ್ಟ.

ಭಾನುವಾರ ದೊಡ್ಡಪ್ಪ ಜಗಲಿಯ ಮೇಲೆ ಕೂತು ಕಾಫಿಗೆ ಕಾಯುತ್ತಿದ್ದರು. ಕೇರಳದ ನಂಬರಿನ ಬಿಳಿ ಕಾರೊಂದು ಬೀದಿಯಲ್ಲಿ ನಿಂತಿತು. ರಾತ್ರಿಯೆಲ್ಲ ಮುಚ್ಚಿರುವ ಕಾಡಿನ ಗೇಟು ಬೆಳಿಗ್ಗೆ ತೆರೆದ ಕೂಡಲೇ ಹೊರಟು ಬಂದಿರಬೇಕು. ಒಂದು ಬಾಗಿಲಿನಿಂದ ಬತ್ತೇರಿಯವರು ಇಳಿದರು, ಹಾಲಿನಂಥ ಬಿಳಿ ಅಂಗಿ, ಬಿಳಿ ಮುಂಡು. ಇನ್ನೊಂದು ಬಾಗಿಲಿನಿಂದ ಮೇಸ್ತ್ರಿ ಇಳಿದರು. ಅವರ ಮುಖ ನೋಡಿ ನಾನು ಬಟ್ಟೆ ಹಿಡಿದು ಕಪ್ಪೆಯ ಬಾನೆಟ್ಟು ಒರೆಸತೊಡಗಿದೆ.

"ಬನ್ನಿ ಬನ್ನಿ" ಎಂದರು ದೊಡ್ಡಪ್ಪ, ಏನೂ ಅರ್ಥವಾಗದೆ. "ಏನ್ ಮೇಸ್ತ್ರಿ, ಇವ್ರ ಕರ್ಕಂಡು?"

"ನಾನ್ ಕರ್ಕಂಡ್ ಬಂದಿಲ್ಲ ಯಜಮಾನ್ರೆ, ಇವ್ರೇ ನನ್ನ ಎತ್ತಾಕ್ಕಂಡ್ ಬಂದ್ರು. ನಾನು ಫೋನ್ ಮಾಡಿ ಕರೆದ್ನಂತೆ. ಗೇರ್ ಬಾಕ್ಸು ಒಣಗೋಗದೆ, ಯಜಮಾನ್ರು ಹೆದರವ್ರೆ, ಬನ್ನಿ ಅಂದ್ನಂತೆ."

"ಮೇಸ್ತ್ರಿ ತನ್ನೆ" ಎಂದರು ಬತ್ತೇರಿಯವರು, ಅಲ್ಲಾಡದೆ. "ಇದೇ ಶಬ್ದಂ. ಇದೇ ಚುಮ." ಎಂದು ಎದೆ ಮುಟ್ಟಿ ಕೆಮ್ಮಿ ತೋರಿಸಿದರು. ಚೆನ್ನಾಗಿಯೇ ಕೆಮ್ಮಿದರು.

"ನನ್ ದನಿ ನನ್ ಗಂಟ್ಲಲ್ಲೇ ಅದೆ ಯಜಮಾನ್ರೆ, ಎಲ್ಲೂ ಓಗಿಲ್ಲ" ಎಂದರು ಮೇಸ್ತ್ರಿ. "ನಮ್ಮಪ್ಪನ ಕಾಲ್ದಿಂದ ಈ ಗಾಡಿ ಮುಟ್ಟಿವ್ನಿ. ಮಾರ್ಸಾಕೆ ನಾನ್ ಬ್ರೋಕರ್ ಕೆಲ್ಸ ಮಾಡ್ದೆ ಅಂತ ಊರಲ್ಲಿ ಮಾತಾದ್ರೆ ನಾಳಿಂದ ಯಾವನ್ ತತ್ತಾನೆ ನನ್ ತಾವ ಗಾಡಿಯ?"

ದೊಡ್ಡಪ್ಪ ಮೇಸ್ತ್ರಿಯನ್ನು ನೋಡಿದರು, ಬತ್ತೇರಿಯವರನ್ನು ನೋಡಿದರು. ನನ್ನನ್ನು ಅವರು ನೋಡಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲ.

"ಅದಿರ್ಲಿ. ಗೇರ್ ಎಣ್ಣ ಒಣಗದ ಅಂತ ಅವ್ರಿಗ ಹೆಂಗ್ ಗೊತ್ತು? ಕಡ್ಡಿ ತಗಿಲಾ."

ಎಲ್ಲರೂ ನೋಡುತ್ತಿರಲು ಕಾಲುಹಾಸು ಸರಿಸಿದೆ. ಬಿರಡೆಯ ಮೇಲಿನ ಕೂದಲನ್ನು ಯಾರೂ ಕಾಣದಂತೆ ಒರೆಸಿದೆ. ಕಡ್ಡಿ ಎಳೆದೆ, ಒರೆಸಿದೆ, ಅದ್ದಿದೆ, ಎಳೆದೆ. ಬೇಕೆಂದೇ ತುಸು ಓರೆ ಹಿಡಿದೆ, ಇದ್ದ ಜಿಡ್ಡು ಮೇಲಕ್ಕೆ ಹರಿದರೂ ಹರಿಯಲಿ ಎಂದು. ದೊಡ್ಡಪ್ಪ ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ನೆಟ್ಟಗೆ ಹಿಡಿದರು.

"ಒಣಗದ" ಎಂದರು. ಅರಿಶಿನಕ್ಕೆ ಆ ಮಾತು ಅವರ ಬಾಯಲ್ಲಿ ಬರಬೇಕೆಂದು ರೈತರು ಕಾಯುತ್ತಾರೆ. "ಮಾತಂದ್ರ ಮಾತು. ಕೊಟ್ಬುಡದು."

ಬತ್ತೇರಿಯವರಿಗೆ ಕೇಳಿದ ಕಿವಿಯನ್ನು ನಂಬಲಾಗಲಿಲ್ಲ. ಖುಷಿಯಲ್ಲಿ ಎರಡು ಹೆಜ್ಜೆ ಹಿಂದೆ ಹೋಗಿ, ಕಪ್ಪೆಯ ಇಡೀ ರೂಪ ಕಣ್ಣಿಗೆ ಬೀಳುವ ಹಾಗೆ ನಿಂತು, ಕೈಕಟ್ಟಿ ಕೊಟ್ಟಿಗೆಯ ಕಂಬಕ್ಕೆ ಬೆನ್ನು ಒರಗಿಸಿದರು. ಅದೇ ಹೊತ್ತಿಗೆ ದೊಡ್ಡಮ್ಮ ಕಾಫಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದರು.

"ಅಯ್ಯೋ, ಒರಗ್ಬ್ಯಾಡಿ ಕಣಪ್ಪ. ಈಗ್ತಾನೆ ಬಳ್ದಿವ್ನಿ."

ಅವರು ಬೆನ್ನು ತೆಗೆದಾಗ ಅಂಗಿಯ ಉದ್ದಕ್ಕೂ ಕಂಬದಷ್ಟೇ ಅಗಲದ ಕಂದು ಪಟ್ಟೆ ಮೂಡಿತ್ತು. ನಾನು ಬಟ್ಟೆ ಹಿಡಿದು ಓಡಿದೆ. ಒರೆಸಲು ಹೋದವನ ಮೂಗಿನ ಹತ್ತಿರ ಅವರ ಬೆನ್ನು ಬಂತು. ಒಂದು ಸಲ ಮೂಸಿದೆ. ಇನ್ನೊಂದು ಸಲ ಮೂಸಿದೆ. ಬೆರಳಿಗೆ ತೆಗೆದು ಉಜ್ಜಿದೆ. ಟ್ರ್ಯಾಕ್ಟರಿನ ಕರಿ ಎಣ್ಣೆಯಲ್ಲ, ನೈಂಟಿಯ ಕೊಳೆತ ಮೊಟ್ಟೆಯ ನಾತವೂ ಇಲ್ಲ. ಜೇನಿನಷ್ಟು ತಿಳಿಯಾದ, ನಾನೇ ಆರಿಸಿ ತಂದು ಸುರಿಯುತ್ತಿದ್ದ ಎಣ್ಣೆ. ಮೇಸ್ತ್ರಿಯೂ ಬಂದು ಬತ್ತೇರಿಯವರ ಇನ್ನೊಂದು ಹೆಗಲನ್ನು ಮೂಸಿದರು. ಆ ಮನುಷ್ಯ ಇಬ್ಬರ ನಡುವೆ ಅಲ್ಲಾಡದೆ ನಿಂತಿದ್ದರು.

"ದೊಡ್ಡಮ್ಮ, ಈ ಎಣ್ಣ ಎಲ್ಲಿಂದ?"

"ಎಲ್ಲಿಂದ ಅಂದ್ರ? ಗಾಡೀದೇಯ."

ಒಳಗೆ ಹೋಗಿ ತಂದು ತೋರಿಸಿದರು: ತಗಡಿನ ಡಬ್ಬದ ಅಗಲ ಮುಚ್ಚಳವೊಂದು, ತೆಂಗಿನ ಸಿಪ್ಪೆ ಜಜ್ಜಿ ಮಾಡಿದ ಕುಂಚವೊಂದು. ಕಪ್ಪೆ ಅಂಗಳಕ್ಕೆ ಬಂದಂದಿನಿಂದ ಮಲಗುವ ಮುಂಚೆ ಅದರ ಹೊಟ್ಟೆಯ ಕೆಳಗೆ ಮುಚ್ಚಳ ಇಡುತ್ತಿದ್ದರು. ಬೆಳಿಗ್ಗೆ ಸಾರಿಸುವ ಮುಂಚೆ ತೆಗೆದು, ತೊಟ್ಟಿಕ್ಕಿದ್ದನ್ನು ಕೊಟ್ಟಿಗೆಯ ಕಂಬಗಳಿಗೆ ಬಳಿಯುತ್ತಿದ್ದರು. ಹಗಲು ಅಲ್ಲೊಂದು ಇಲ್ಲೊಂದು ಹನಿ ಬಿದ್ದರೆ ಮಾರನೆಯ ಸಗಣಿ ನೀರು ಅದನ್ನೂ ಬಾಚಿಕೊಂಡು ಬೀದಿಗೆ ಹೋಗುತ್ತಿತ್ತು.

"ಮಾವ್ನೋರ ಕಾಲ್ದಲ್ಲಿ ಇದು ಅಂಗ್ಳದಲ್ಲೇ ನಿಲ್ತಿತ್ತಲ್ಲ, ಆಗ ನಮ್ಮತ್ತ ಹಿಂಗೇ ಮಾಡ್ತಿದ್ರು. ಗೋದಾಮಿಂದ ಇತ್ಲಾಗ್ ಬಂತಲ್ಲ ಅಂತ ನಾನೂ ಇಟ್ಟಿ."

"ಸೋರ್ತದ ಅಂತ ಒಂದ್ ಮಾತು ಹೇಳ್ಬಾರ್ದಾ?" ಎಂದರು ದೊಡ್ಡಪ್ಪ.

ದೊಡ್ಡಮ್ಮ ಆಶ್ಚರ್ಯದಿಂದ ನಮ್ಮೆಲ್ಲರನ್ನೂ ನೋಡಿದರು. "ಇವ್ನು ಮ್ಯಾಲಿಂದ ಹೊಸ ಎಣ್ಣ ಉಯ್ತಿದ್ದ, ಕೆಳಗಿಂದ ಹಳೇದು ಬತ್ತಿತ್ತು. ಅದ್ಯಾಕ ಹೇಳ್ಬೇಕು? ಗಾಡಿ ನೋಡ್ಕಳೋರು ನೀವು. ಅಂಗ್ಳ ನೋಡ್ಕಳೋಳು ನಾನು."

ಮೇಸ್ತ್ರಿ ಆಗಲೇ ಕಪ್ಪೆಯ ಬಾಲದ ಕಡೆ ನೆಲಕ್ಕೆ ಕೆನ್ನೆ ಹಚ್ಚಿದ್ದರು. ಹೊಟ್ಟೆಯಡಿ ಇಣುಕಿ, "ಗೇರ್ ಬಾಕ್ಸಿನ ಹಿಂದ್ಗಡೆ ಆಯಿಲ್ ಸೀಲ್ ಓಗದೆ" ಎಂದು ಕೂಗಿ ಹೇಳಿದರು. "ನಮ್ ಗ್ಯಾರೇಜಲ್ಲಿ ನೆಲ ಸಮ, ಎಣ್ಣೆ ಅಲ್ಲಿಗಂಟ ಬರಲ್ಲ. ನೀವು ಇಲ್ಲಿ ಮೂತಿ ಮ್ಯಾಕೆ ಮಾಡಿ ನಿಲ್ಸಿದ್ದೀರ, ಎಣ್ಣೆಯೆಲ್ಲ ಅದ್ರ ಬಾಲಕ್ಕೆ ಬಂದು ಕೂತದೆ. ನಾನ್ ಆವತ್ತೇ ಅಂದೆ." ಅವರು ಯಾವತ್ತೂ ಅಂದಿರಲಿಲ್ಲ. "ನೈಂಟಿ ಹಾಕಿದ್ರೆ ಇಷ್ಟೊಂದ್ ಸೋರ್ತನೂ ಇರ್ಲಿಲ್ಲ."

ಬತ್ತೇರಿಯವರು ಅಂಗಿಯನ್ನು ಮರೆತು, ಸೋರಿದರೂ ಪರವಾಗಿಲ್ಲ, ನಾನು ತೆಗೆದುಕೊಳ್ಳುತ್ತೇನೆ ಎಂದರು.

"ಅಂಗಿ ಬಿಚ್ಚಿ ಕೊಡಿ, ನಮ್ಮವ್ರು ಒಗ್ದು ಕೊಡ್ತಾರ. ಅದ್ರ ಜತ್ಗ ತಿಂಡಿ ತಿನ್ಕಂಡೋಗಿ" ಎಂದರು ದೊಡ್ಡಪ್ಪ. "ಗಾಡಿ ಕೊಡಲ್ಲ. ಎಣ್ಣ ಎಲ್ಲಿಗೋಯ್ತದ ಅಂತ ಗೊತ್ತಿಲ್ದೆ ಕೊಡ್ತೀನಿ ಅಂದಿದ್ದು. ಈಗ ನಮ್ ಮನ ಕಂಬಕ್ಕೇ ಓಗದಲ್ಲ."

ನಾನು ಉಸಿರು ಬಿಟ್ಟೆ. ಬಿಟ್ಟದ್ದು ಬೇಗವಾಯಿತು. ಮೇಸ್ತ್ರಿ ಎದ್ದು ಕೆನ್ನೆಯ ಸಗಣಿ ಒರೆಸಿಕೊಂಡು, ಸ್ಪ್ಯಾನರ್ ಹುಡುಕುವ ಬದಲು ಜಗಲಿಯ ಮೇಲೆ ಕೂತರು.

"ಸೀಲ್ ಸಿಕ್ತದೆ ಯಜಮಾನ್ರೆ, ಹಾಕ್ಬೌದು. ಆದ್ರೆ ನನ್ ದನೀಲಿ ಫೋನ್ ಮಾಡ್ದೋನು ಯಾರು ಅಂತ ಗೊತ್ತಾಗೋಗಂಟ ನಾನ್ ಈ ಗಾಡಿ ಮುಟ್ಟಲ್ಲ."

ಅವರು ಮುಟ್ಟದಿದ್ದರೆ ಮುಟ್ಟುವವರು ಬೇರೆ ಯಾರೂ ಇಲ್ಲ. ದೊಡ್ಡಪ್ಪ ಈಗ ನನ್ನನ್ನು ನೋಡಿದರು. ದೊಡ್ಡಮ್ಮ ನೋಡಿದರು. ಬನಿಯನ್ನಿನಲ್ಲಿ ಕೂತಿದ್ದ ಬತ್ತೇರಿಯವರೂ, ಎಲ್ಲರೂ ನೋಡುತ್ತಿದ್ದಾರಲ್ಲ ಎಂದು ನೋಡಿದರು.

ಎಲ್ಲರ ದನಿ ಬರುವವನಿಗೆ ಆ ಹೊತ್ತಿನಲ್ಲಿ ತನ್ನದು ಯಾವುದೆಂದು ಹುಡುಕಬೇಕಾಯಿತು. ಸಿಕ್ಕಿದ್ದು ತೆಳ್ಳಗಿತ್ತು. "ನಾನೇ ಮೇಸ್ತ್ರಿ. ನೀವೂ ಅವ್ರೂ ಸೇರ್ಕಂಡು ಎಣ್ಣ ಇಳಿಸ್ತಿದ್ದೀರ ಅಂತ ಅನುಮಾನ ಬಂದಿತ್ತು. ತಪ್ಪಾಯ್ತು. ಇನ್ಮುಂದ ನಿಮ್ ದನಿ ಮಾಡಲ್ಲ."

ಮೇಸ್ತ್ರಿ ಕಾಫಿ ಕುಡಿದು ಮುಗಿಸಿದರು, ಲೋಟ ಕೆಳಗಿಟ್ಟರು, ಥೇಟ್ ನನ್ನ ಹಾಗೆಯೇ ಕೆಮ್ಮಿದರು.

"ದನಿ ಬೇಕಾರೆ ಮಡಿಕ ಕಣ್ಲಾ, ಮಾಡು, ನಂಗೇನೂ ಸವ್ದೋಗಲ್ಲ. ಆದ್ರೆ ಇನ್ಮೇಲೆ ನನ್ ದನೀಲಿ ಮಾತಾಡ್ಬೇಕಾದ್ರೆ, ನನ್ ಬುದ್ಧೀನೂ ಒಸಿ ಸೇರ್ಸ್ಕಂಡು ಮಾತಾಡು."